ಶಾಂತಿಯ ಪಾಠವಾಗಿ ಸಿಯರ್: ಇಮಾಮ್ ಶೈಬಾನಿಯಿಂದ ಡಾ. ಹಮೀದುಲ್ಲಾಹ್‌ವರೆಗೆ

ಹೈದರಾಬಾದಿನ ಉಸ್ಮಾನಿಯಾ ವಿಶ್ವವಿದ್ಯಾನಿಲಯವು 1918ರಲ್ಲಿ ಸ್ಥಾಪನೆಗೊಂಡಾಗ ಉನ್ನತ ಶಿಕ್ಷಣವನ್ನು ಉರ್ದು ಮಾಧ್ಯಮದಲ್ಲಿ ನೀಡುವ ಅದರ ನಿರ್ಧಾರವು ವಿದ್ವಾಂಸರ ಗಮನ ಸೆಳೆಯಿತು. ಬೀದರ್, ಕಲಬುರಗಿ, ರಾಯಚೂರು ಜಿಲ್ಲೆಗಳು ಆಗ ನಿಜಾಮರ ಆಡಳಿತದಲ್ಲಿದ್ದುದರಿಂದ ಕನ್ನಡ ನಾಡಿನ ಆ ಭಾಗಕ್ಕೂ ಅದೇ ವಿಶ್ವವಿದ್ಯಾನಿಲಯವಾಗಿತ್ತು. ವಿಜ್ಞಾನ, ವೈದ್ಯ, ಕಾನೂನು ಮೊದಲಾದ ಶಾಸ್ತ್ರಗಳ ಗ್ರಂಥಗಳನ್ನು ಉರ್ದುವಿಗೆ ತರಲು ದಾರುತ್ತರ್ಜುಮ ಎಂಬ ಪ್ರತ್ಯೇಕ ಅನುವಾದ ಸಂಸ್ಥೆಯನ್ನೇ ಕಟ್ಟಲಾಗಿತ್ತು. ಈ ವಿಶ್ವವಿದ್ಯಾನಿಲಯದಲ್ಲಿ ಓದಿ, ಅನಂತರ ಅಲ್ಲಿಯೇ ಅಂತಾರಾಷ್ಟ್ರೀಯ ಕಾನೂನನ್ನು ಬೋಧಿಸಿದವರು ಡಾ. ಮುಹಮ್ಮದ್ ಹಮೀದುಲ್ಲಾಹ್ (1908–2002).

ಜರ್ಮನಿಯ ಬಾನ್ ವಿಶ್ವವಿದ್ಯಾನಿಲಯದಲ್ಲಿ ಅವರು ಡಾಕ್ಟರೇಟ್ ಪಡೆದದ್ದು ಇಸ್ಲಾಮಿನ ಅಂತಾರಾಷ್ಟ್ರೀಯ ಕಾನೂನಿನಲ್ಲಿ ತಾಟಸ್ಥ್ಯದ ಸ್ಥಾನವೇನು ಎಂಬ ವಿಷಯದ ಮೇಲೆ. ಪ್ಯಾರಿಸ್‌ನಲ್ಲಿ ಪಡೆದ ಎರಡನೆಯ ಪದವಿಯ ವಿಷಯ ಪ್ರವಾದಿವರ್ಯರು(ಸ) ಮತ್ತು ಖುಲಫಾಉರ್ರಾಶಿದೀನರ ಕಾಲದ ರಾಜತಾಂತ್ರಿಕ ವ್ಯವಹಾರ. ಆ ಕಾಲದ ಕರಾರುಗಳು, ಪತ್ರಗಳು, ಅಭಯಪತ್ರಗಳನ್ನೆಲ್ಲ ಒಂದೆಡೆ ಸಂಗ್ರಹಿಸಿ 1941ರಲ್ಲಿ ಕೈರೋದಲ್ಲಿ ಪ್ರಕಟಿಸಿದರು. ಒಬ್ಬ ಯುವ ವಿದ್ವಾಂಸ ಇಷ್ಟು ಪರಿಶ್ರಮವನ್ನು ಒಪ್ಪಂದಪತ್ರಗಳ ಮೇಲೆ ಏಕೆ ವ್ಯಯಿಸಿದರು? ಯುರೋಪಿನ ಎರಡು ಮಹಾಯುದ್ಧಗಳ ನಡುವಿನ ವರ್ಷಗಳಲ್ಲಿ ಬಾನ್ ಮತ್ತು ಪ್ಯಾರಿಸ್‌ಗಳಲ್ಲಿ ಕುಳಿತು ಓದಿದವರಿಗೆ, ಸಹಿ ಹಾಕಿದ ಒಪ್ಪಂದವು ಕೇವಲ ಕಾಗದವಾಗಿಬಿಟ್ಟರೆ ಏನಾಗುತ್ತದೆ ಎಂಬುದನ್ನು ಯಾರೂ ವಿವರಿಸಬೇಕಾಗಿರಲಿಲ್ಲ.

ಅವರು ಬೋಧಿಸಿದ ಶಾಸ್ತ್ರಕ್ಕೆ ನಮ್ಮ ಫಿಕ್ಹ್ ಗ್ರಂಥಗಳಲ್ಲಿ ‘ಸಿಯರ್’ ಎಂಬ ಹೆಸರಿದೆ. ‘ಸೀರತ್’ ಎಂಬುದರ ಬಹುವಚನವಿದು. ನಡೆ, ನಡವಳಿಕೆ ಎಂದರ್ಥ. ಯುದ್ಧದಲ್ಲಿ, ಸಂಧಿಯಲ್ಲಿ, ದೂತರೊಡನೆ, ಅಭಯ ಬೇಡಿ ಬಂದವರೊಡನೆ, ಬಂಡೆದ್ದ ಸ್ವಂತ ಪ್ರಜೆಗಳೊಡನೆ ರಾಜ್ಯವೊಂದು ಹೇಗೆ ನಡೆದುಕೊಳ್ಳಬೇಕು ಎಂಬುದು ಅದರ ವಸ್ತು. ಹಿಜರಿ ಎರಡನೆಯ ಶತಮಾನದಲ್ಲಿ ಇದೊಂದು ಬಿಸಿಬಿಸಿ ಚರ್ಚೆಯ ವಿಷಯವಾಗಿತ್ತು. ಕೂಫಾದಲ್ಲಿ ಇಮಾಮ್ ಅಬೂ ಹನೀಫಾ(ರ) ಪಾಠ ಹೇಳಿದರು. ಬೈರೂತಿನ ಇಮಾಮ್ ಔಝಾಈ(ರ) ಅದನ್ನು ಖಂಡಿಸಿ ಬರೆದರು. ಅಬೂ ಹನೀಫಾರ ಶಿಷ್ಯ ಅಬೂ ಯೂಸುಫ್(ರ) ಆ ಖಂಡನೆಗೆ ಉತ್ತರವಾಗಿ ಒಂದು ಗ್ರಂಥವನ್ನೇ ರಚಿಸಿದರು. ಇನ್ನೊಬ್ಬ ಶಿಷ್ಯ ಇಮಾಮ್ ಮುಹಮ್ಮದ್ ಇಬ್ನ್ ಹಸನ್ ಶೈಬಾನಿ(ರ) ಈ ವಿಷಯವನ್ನು ಸ್ವತಂತ್ರ ಶಾಸ್ತ್ರವಾಗಿ ವಿಸ್ತರಿಸಿ, ಕಿರಿಯ ಮತ್ತು ಹಿರಿಯ ಎಂದು ಎರಡು ಸಿಯರ್ ಗ್ರಂಥಗಳನ್ನು ಬರೆದರು. ಅವರು ನಿಧನರಾದದ್ದು ಕ್ರಿ.ಶ. 805ರಲ್ಲಿ. ಆಧುನಿಕ ಅಂತಾರಾಷ್ಟ್ರೀಯ ಕಾನೂನಿನ ಪಿತಾಮಹರೆಂದು ಹೆಸರಾದ ಡಚ್ ನ್ಯಾಯವಿದ ಗ್ರೋಷಿಯಸ್‌ರ ಯುದ್ಧ ಮತ್ತು ಶಾಂತಿಯ ಕಾನೂನಿನ ಗ್ರಂಥ ಪ್ರಕಟವಾದದ್ದು 1625ರಲ್ಲಿ.

ಶೈಬಾನಿಯವರ ಸಿಯರ್ ಬರಹವನ್ನು ತೆರೆದವರಿಗೆ ಮೊದಲು ಕಾಣುವುದು ಅದರ ಪ್ರಶ್ನೋತ್ತರ ರೂಪ. ‘ನಾನು ಕೇಳಿದೆ’, ‘ಅವರು ಹೇಳಿದರು’ ಎಂದು ಪುಟಗಟ್ಟಲೆ ಸಾಗುತ್ತದೆ. ಇದು ತರಗತಿಯ ಭಾಷೆ. ಒಬ್ಬ ಮುಸ್ಲಿಮ್ ವರ್ತಕನು ಶತ್ರು ರಾಜ್ಯದೊಳಕ್ಕೆ ಅಲ್ಲಿಯವರ ಅಭಯ ಪಡೆದು ಹೋದರೆ ಅವರ ಸೊತ್ತನ್ನು ಮೋಸದಿಂದ ತರಬಹುದೇ? ಕೂಡದು, ಅಭಯ ಸ್ವೀಕರಿಸಿದವನು ತಾನೂ ಅಭಯ ನೀಡಿದಂತೆಯೇ. ಸಾಮಾನ್ಯ ವ್ಯಕ್ತಿಯೊಬ್ಬ ಶತ್ರುವಿಗೆ ಅಭಯ ನೀಡಿದರೆ ಸೇನಾಪತಿ ಅದನ್ನು ಮಾನ್ಯ ಮಾಡಬೇಕೇ? ಮಾಡಬೇಕು, ಮಕ್ಕಾ ವಿಜಯದ ದಿನ ಉಮ್ಮು ಹಾನಿ(ರ) ಎಂಬ ಮಹಿಳೆ ನೀಡಿದ ಅಭಯವನ್ನು ಪ್ರವಾದಿವರ್ಯರು(ಸ) ಎತ್ತಿಹಿಡಿದಿದ್ದರು. ಕರಾರಿನ ಭದ್ರತೆಗಾಗಿ ಉಭಯ ಪಕ್ಷಗಳೂ ಒತ್ತೆಯಾಳುಗಳನ್ನು ಇಟ್ಟುಕೊಂಡಿರುವಾಗ ಎದುರಾಳಿಯು ನಮ್ಮವರನ್ನು ಕೊಂದರೆ, ನಮ್ಮ ಬಳಿಯಿರುವ ಅವರ ಆಳುಗಳನ್ನು ಕೊಲ್ಲಬಹುದೇ? ಕೂಡದು. ಒಬ್ಬರ ಪಾಪದ ಹೊರೆಯನ್ನು ಇನ್ನೊಬ್ಬರು ಹೊರಲಾರರೆಂಬ ಕುರ್‌ಆನಿನ ತತ್ವವು ಯುದ್ಧಕಾಲದಲ್ಲಿ ಅಮಾನತಾಗುವುದಿಲ್ಲ. ಒತ್ತೆಯಾಳು ಹಿಡಿಯುವುದನ್ನೂ ಸಾಮೂಹಿಕ ದಂಡನೆಯನ್ನೂ ಜಗತ್ತಿನ ರಾಷ್ಟ್ರಗಳು ಜಿನೀವಾ ಒಪ್ಪಂದದಲ್ಲಿ ನಿಷೇಧಿಸಿದ್ದು 1949ರಲ್ಲಿ.

ಈ ಪಾಠ ನಡೆಯುವಾಗ ಯಾವ ತರಗತಿಯಲ್ಲಾದರೂ ಒಂದು ಪ್ರಶ್ನೆ ಬಂದೇ ಬರುತ್ತದೆ: ಅವರು ಮುರಿದ ಮೇಲೆ ನಾವೇಕೆ ಪಾಲಿಸಬೇಕು? ಹುಡುಗರು ಇದನ್ನು ಕೇಳದಿದ್ದರೆ ಪಾಠ ಅವರನ್ನು ಮುಟ್ಟಿಲ್ಲ ಎಂದೇ ನಾನು ಭಾವಿಸುತ್ತೇನೆ. ಉತ್ತರವನ್ನು ಉಪದೇಶದ ರೂಪದಲ್ಲಿ ಕೊಡುವುದಕ್ಕಿಂತ ಘಟನೆಗಳ ಮೂಲಕ ಕೊಡುವುದು ಲೇಸು; ನಮ್ಮ ಗ್ರಂಥಗಳಲ್ಲಿ ಅವುಗಳಿಗೆ ಕೊರತೆಯಿಲ್ಲ.

ಬದ್ರ್ ಯುದ್ಧಕ್ಕೆ ಮುನ್ನ ಹುದೈಫಾ(ರ) ಮತ್ತು ಅವರ ತಂದೆ ಮದೀನಾಕ್ಕೆ ಬರುತ್ತಿದ್ದಾಗ ಕುರೈಶರ ಕೈಗೆ ಸಿಕ್ಕಿದರು. ಮುಹಮ್ಮದರ(ಸ) ಜೊತೆ ಸೇರಿ ಯುದ್ಧ ಮಾಡುವುದಿಲ್ಲವೆಂದು ಮಾತು ಪಡೆದ ಬಳಿಕವೇ ಕುರೈಶರು ಅವರನ್ನು ಬಿಟ್ಟರು. ಬದ್ರ್‌ನಲ್ಲಿ ಮುಸ್ಲಿಮರ ಸಂಖ್ಯೆ ಮುನ್ನೂರಕ್ಕಿಂತ ತುಸು ಹೆಚ್ಚು, ಎದುರಾಳಿಗಳು ಸುಮಾರು ಒಂದು ಸಾವಿರ. ಒಬ್ಬೊಬ್ಬ ವ್ಯಕ್ತಿಯೂ ಅಮೂಲ್ಯನಾಗಿದ್ದ ಆ ಗಳಿಗೆಯಲ್ಲಿ, ಬಲವಂತದಿಂದ ಪಡೆದ ಮಾತನ್ನೂ ಪಾಲಿಸುವಂತೆ ಪ್ರವಾದಿವರ್ಯರು(ಸ) ತಂದೆ-ಮಗನಿಗೆ ಸೂಚಿಸಿದರು. ಇಬ್ಬರೂ ಬದ್ರ್‌ನಲ್ಲಿ ಪಾಲ್ಗೊಳ್ಳಲಿಲ್ಲ. ಇಮಾಮ್ ಮುಸ್ಲಿಮ್(ರ) ಇದನ್ನು ಉದ್ಧರಿಸಿದ್ದಾರೆ.

ಇನ್ನೊಂದು ಘಟನೆ ಹ. ಮುಆವಿಯಾ(ರ) ಅವರ ಕಾಲದ್ದು. ರೋಮನರೊಡನೆ ಅವರಿಗೆ ನಿಗದಿತ ಅವಧಿಯ ಒಪ್ಪಂದವಿತ್ತು. ಅವಧಿ ಮುಗಿಯುವುದಕ್ಕೆ ಮೊದಲೇ ಸೇನೆಯನ್ನು ಗಡಿಯತ್ತ ನಡೆಸಿ, ಗಡುವು ತೀರಿದ ಕೂಡಲೇ ಎರಗುವುದು ಅವರ ಯೋಜನೆ. ಕಾನೂನಿನ ಅಕ್ಷರವನ್ನು ನೋಡಿದರೆ ಇದರಲ್ಲಿ ದೋಷ ಹುಡುಕುವುದು ಕಷ್ಟ. ಆಗ ಕುದುರೆಯೇರಿ ಬಂದ ಅಮ್ರ್ ಇಬ್ನ್ ಅಬಸಾ(ರ) ಎಂಬ ವೃದ್ಧ ಸಹಾಬಿ, ಇದು ಮಾತು ಉಳಿಸಿಕೊಳ್ಳುವ ರೀತಿಯಲ್ಲ, ದ್ರೋಹವೆಂದು ಕೂಗಿ ಹೇಳಿದರು. ಒಪ್ಪಂದವಿರುವವರು ಅವಧಿ ಮುಗಿಯುವ ತನಕ ಅದರ ಗಂಟನ್ನು ಬಿಚ್ಚಲೂ ಬಾರದು, ಬಿಗಿಯಲೂ ಬಾರದು. ಇಲ್ಲವೇ ಬಹಿರಂಗವಾಗಿ, ಎದುರು ಪಕ್ಷಕ್ಕೂ ತಿಳಿಯುವಂತೆ ಅದನ್ನು ಕೊನೆಗೊಳಿಸಬೇಕು ಎಂಬ ಪ್ರವಾದಿ(ಸ) ಬೋಧನೆಯನ್ನು ನೆನಪಿಸಿದರು. ಸೂರಃ ಅಲ್-ಅನ್‌ಫಾಲ್‌ನ 58ನೆಯ ಸೂಕ್ತದ ನಿರ್ದೇಶನವೂ ಇದೇ ಆಗಿದೆ. ಮುಆವಿಯಾ(ರ) ಸೇನೆಯನ್ನು ಹಿಂದಕ್ಕೆ ತಿರುಗಿಸಿದರು.

ಈ ಎರಡೂ ಘಟನೆಗಳಲ್ಲಿ ಕಾನೂನು ಅನ್ವಯವಾದದ್ದು ತಮ್ಮವರ ಮೇಲೆ. ನನ್ನ ದೃಷ್ಟಿಯಲ್ಲಿ ಸಿಯರ್ ಬೋಧನೆಯ ಜೀವಾಳ ಇಲ್ಲಿಯೇ ಇದೆ. ಶತ್ರುವಿನ ಅಪರಾಧಗಳ ಪಟ್ಟಿ ಮಾಡಲು ಯಾವ ಶಾಸ್ತ್ರದ ಅಗತ್ಯವೂ ಇಲ್ಲ; ಪತ್ರಿಕೆಗಳು ದಿನವೂ ಮಾಡುತ್ತವೆ. ಸ್ವಂತ ಸೇನೆ, ಸ್ವಂತ ರಾಜ್ಯಪಾಲ, ಸ್ವಂತ ಖಲೀಫನ ಎದುರು ನಿಂತು ‘ಇದು ಸಲ್ಲದು’ ಎನ್ನುವುದನ್ನು ವಿದ್ಯಾರ್ಥಿಗೆ ಕಲಿಸಿದಾಗ ಮಾತ್ರ ಅಂತಾರಾಷ್ಟ್ರೀಯ ಕಾನೂನು ಶಾಂತಿಯ ಪಾಠವಾಗುತ್ತದೆ.

ಮೇಲೆ ಹೆಸರಿಸಿದ ಇಮಾಮ್ ಔಝಾಈ(ರ) ಅವರನ್ನೇ ನೋಡಿರಿ. ಲೆಬನಾನ್ ಬೆಟ್ಟದ ಕ್ರೈಸ್ತರಲ್ಲಿ ಒಂದು ಗುಂಪು ಬಂಡಾಯವೆದ್ದಾಗ ಅಬ್ಬಾಸೀ ರಾಜ್ಯಪಾಲ ಸಾಲಿಹ್ ಇಬ್ನ್ ಅಲಿ, ಬಂಡಾಯದಲ್ಲಿ ಭಾಗವಹಿಸದವರನ್ನೂ ಅವರ ಊರುಗಳಿಂದ ಹೊರಹಾಕಿದ. ಆತ ಖಲೀಫ ಮನ್ಸೂರನ ಚಿಕ್ಕಪ್ಪ. ಔಝಾಈ(ರ) ಅವನಿಗೆ ದೀರ್ಘ ಪತ್ರ ಬರೆದು, ಕೆಲವರ ತಪ್ಪಿಗಾಗಿ ಎಲ್ಲರನ್ನೂ ಮನೆಮಾರುಗಳಿಂದ ಹೊರಹಾಕಲು ಯಾವ ಆಧಾರವಿದೆಯೆಂದು ಪ್ರಶ್ನಿಸಿದರು. ಕರಾರಿನ ರಕ್ಷಣೆಯಲ್ಲಿರುವವರ ಮೇಲೆ ದಬ್ಬಾಳಿಕೆ ಮಾಡುವವನ ವಿರುದ್ಧ ಅಂತ್ಯದಿನದಲ್ಲಿ ತಾನೇ ವಾದಿಸುವೆನೆಂಬ ಪ್ರವಾದಿ(ಸ) ಎಚ್ಚರಿಕೆಯನ್ನೂ ಆ ಪತ್ರದಲ್ಲಿ ಸ್ಮರಿಸಿದರು. ಇತಿಹಾಸಕಾರ ಬಲಾದುರಿ ಪತ್ರದ ಭಾಗಗಳನ್ನು ತಮ್ಮ ಗ್ರಂಥದಲ್ಲಿ ಉಳಿಸಿದ್ದಾರೆ.

ಶೈಬಾನಿಯವರ(ರ) ಪರೀಕ್ಷೆ ಇನ್ನೂ ಕಠಿಣವಾಗಿತ್ತು. ಹ. ಹಸನ್(ರ) ಅವರ ವಂಶದ ಯಹ್ಯಾ ಇಬ್ನ್ ಅಬ್ದುಲ್ಲಾಹ್ ದೈಲಮ್ ಪ್ರದೇಶದಲ್ಲಿ ಬಂಡೆದ್ದಾಗ ಖಲೀಫ ಹಾರೂನ್ ರಶೀದ್ ಲಿಖಿತ ಅಭಯಪತ್ರ ಕೊಟ್ಟು ಅವರನ್ನು ಬಗ್ದಾದಿಗೆ ಕರೆಸಿಕೊಂಡ. ಮುಂದೆ ಮನಸ್ಸು ಬದಲಾಯಿತು. ಪತ್ರದಲ್ಲಿ ಏನಾದರೂ ಲೋಪ ಹುಡುಕಿಕೊಡುವಂತೆ ವಿದ್ವಾಂಸರನ್ನು ಕರೆಸಿ ಕೇಳಿದ. ತಬರಿಯ ಇತಿಹಾಸದಲ್ಲಿ ಈ ಪ್ರಸಂಗ ದಾಖಲಾಗಿದೆ. ಶೈಬಾನಿ(ರ) ಪತ್ರವನ್ನು ಓದಿ, ಅಭಯವು ಸಿಂಧುವಾಗಿದೆ, ಮುರಿಯಲು ಬರುವುದಿಲ್ಲ ಎಂದರು. ಖಲೀಫನು ಕೋಪಗೊಂಡು ಮಸಿಕುಡಿಕೆಯನ್ನು ಅವರತ್ತ ಎಸೆದನೆಂದು ಅನಂತರದ ಚರಿತ್ರೆಗಳು ಹೇಳುತ್ತವೆ. ಸಭೆಯಲ್ಲಿದ್ದ ಇನ್ನೊಬ್ಬ ವಿದ್ವಾಂಸ ಅಬುಲ್ ಬಖ್ತರಿ ಅಭಯಪತ್ರವನ್ನು ಅಸಿಂಧುವೆಂದು ಘೋಷಿಸಿ ಹರಿದುಹಾಕಿದ. ಅವನಿಗೆ ಬಡ್ತಿ ದೊರೆಯಿತು. ಯಹ್ಯಾ ಸೆರೆಯಲ್ಲಿಯೇ ಸತ್ತರು. ಕಾನೂನು ಅಂದು ಸೋತಿತೆಂದೇ ಹೇಳಬೇಕು. ಆದರೆ ಸಿಯರ್ ಎಂದೊಡನೆ ಇಂದಿಗೂ ನೆನಪಿಗೆ ಬರುವುದು ಶೈಬಾನಿಯವರ ಹೆಸರು; ಅಬುಲ್ ಬಖ್ತರಿಯ ಹೆಸರನ್ನು ಹದೀಸ್ ವಿದ್ವಾಂಸರು ಸುಳ್ಳುಗಾರರ ಪಟ್ಟಿಯಲ್ಲಿ ಸೇರಿಸಿದ್ದಾರೆ.

ಶೈಬಾನಿಯವರ ಹಿರಿಯ ಸಿಯರ್‌ಗೆ ಭಾಷ್ಯ ರಚಿಸಿದ ಇಮಾಮ್ ಸರಖ್ಸಿ(ರ) ಕೂಡ ಆಡಳಿತಗಾರನ ಅವಕೃಪೆಗೆ ಗುರಿಯಾಗಿ ಮಧ್ಯ ಏಷ್ಯಾದ ಊಝ್‌ಜಂದ್‌ನಲ್ಲಿ ವರ್ಷಗಟ್ಟಲೆ ಸೆರೆಯಲ್ಲಿದ್ದವರು. ಆ ಭಾಷ್ಯದ ಬಹುಭಾಗವನ್ನು ಅವರು ಸೆರೆಯಿಂದಲೇ ಶಿಷ್ಯರಿಗೆ ಹೇಳಿ ಬರೆಸಿದರು. ಹಿಜರಿ 1335ರಲ್ಲಿ, ಅಂದರೆ ಉಸ್ಮಾನಿಯಾದ ಸ್ಥಾಪನೆಯ ಹೊತ್ತಿಗೆ, ಅದರ ನಾಲ್ಕು ಸಂಪುಟಗಳ ಮುದ್ರಣ ಆರಂಭವಾದದ್ದು ಹೈದರಾಬಾದಿನ ದಾಇರತುಲ್ ಮಆರಿಫ್‌ನಲ್ಲಿ. ಹಮೀದುಲ್ಲಾಹ್ ತಮ್ಮ ಊರಿನಲ್ಲಿಯೇ ಅಚ್ಚಾದ ಗ್ರಂಥದಿಂದ ಈ ಶಾಸ್ತ್ರವನ್ನು ಅರಿಯುವ ಭಾಗ್ಯ ಪಡೆದವರು.

ಯುರೋಪಿನ ವಿಶ್ವವಿದ್ಯಾನಿಲಯಗಳಲ್ಲಿ ಇಂತಹ ಬೋಧನೆ ಇರಲಿಲ್ಲವೆಂದು ಭಾವಿಸುವುದು ತಪ್ಪು. ಸ್ಪೇನಿನ ಸಲಮಾಂಕಾ ವಿಶ್ವವಿದ್ಯಾನಿಲಯದಲ್ಲಿ 1539ರಲ್ಲಿ ಫ್ರಾನ್ಸಿಸ್ಕೋ ದೆ ವಿಟೋರಿಯಾ ಎಂಬ ಪಾದ್ರಿ, ಅಮೆರಿಕದ ಮೂಲನಿವಾಸಿಗಳೇ ತಮ್ಮ ನೆಲದ ನಿಜವಾದ ಒಡೆಯರು, ಚಕ್ರವರ್ತಿಯು ಇಡೀ ಜಗತ್ತಿನ ಅಧಿಪತಿಯಲ್ಲ ಎಂದು ವಿದ್ಯಾರ್ಥಿಗಳೆದುರು ಉಪನ್ಯಾಸ ಮಾಡಿದರು. ಅದೇ ವರ್ಷ ನವೆಂಬರ್‌ನಲ್ಲಿ ಚಕ್ರವರ್ತಿ ಐದನೆಯ ಚಾರ್ಲ್ಸ್, ಇಂತಹ ಚರ್ಚೆಗಳನ್ನು ನಿಲ್ಲಿಸುವಂತೆ ಅಲ್ಲಿನ ಮಠದ ಮುಖ್ಯಸ್ಥನಿಗೆ ಪತ್ರ ಬರೆದ. ಮುಸ್ಲಿಮರನ್ನು ಮಾತ್ರ ವಿಟೋರಿಯಾ ಶಾಶ್ವತ ಶತ್ರುಗಳೆಂದೇ ಎಣಿಸಿದ್ದರು ಎಂಬುದನ್ನೂ ಹೇಳಬೇಕು; ಅದರಿಂದ ಅವರ ಧೈರ್ಯ ಸುಳ್ಳಾಗುವುದಿಲ್ಲ, ಅದರ ಮಿತಿ ತಿಳಿಯುತ್ತದೆ. 1866ರಲ್ಲಿ ನಿಧನರಾದ ಕೇಂಬ್ರಿಜ್‌ನ ವಿಲಿಯಂ ಹ್ಯೂಯೆಲ್ ತಮ್ಮ ಮರಣಪತ್ರದಲ್ಲಿ ಅಂತಾರಾಷ್ಟ್ರೀಯ ಕಾನೂನಿನ ಪ್ರಾಧ್ಯಾಪಕ ಪೀಠಕ್ಕಾಗಿ ಹಣ ಬಿಟ್ಟುಹೋದರು. ಯುದ್ಧದ ಕೆಡುಕುಗಳನ್ನು ತಗ್ಗಿಸಿ, ಕೊನೆಗೆ ರಾಷ್ಟ್ರಗಳ ನಡುವೆ ಯುದ್ಧವೇ ಇಲ್ಲದಂತೆ ಮಾಡುವ ನಿಯಮಗಳನ್ನು ರೂಪಿಸುವುದು ಆ ಪೀಠದಲ್ಲಿ ಕುಳಿತವರ ಗುರಿಯಾಗಿರಬೇಕೆಂಬುದು ಅವರ ಷರತ್ತು. ಎಂತಹ ಉದಾತ್ತ ವಖ್ಫ್! ಆದರೆ ಅದೇ ಶತಮಾನದಲ್ಲಿ ಆ ಕಾನೂನು ‘ನಾಗರಿಕ’ ರಾಷ್ಟ್ರಗಳಿಗೆ ಮಾತ್ರ ಮೀಸಲೆಂಬ ಭಾವನೆ ಬಲವಾಗಿತ್ತು. ಉಸ್ಮಾನೀ ಸಾಮ್ರಾಜ್ಯಕ್ಕೂ ಯುರೋಪಿನ ಸಾರ್ವಜನಿಕ ಕಾನೂನಿನಲ್ಲಿ ಪಾಲುಂಟೆಂದು ಒಪ್ಪಲು 1856ರ ಪ್ಯಾರಿಸ್ ಒಪ್ಪಂದ ಬೇಕಾಯಿತು. ‘ನಾಗರಿಕ ರಾಷ್ಟ್ರಗಳು’ ಎಂಬ ಮಾತು ಅಂತಾರಾಷ್ಟ್ರೀಯ ನ್ಯಾಯಾಲಯದ ಸಂವಿಧಿಯ 38ನೆಯ ವಿಧಿಯಲ್ಲಿ ಇಂದಿಗೂ ಉಳಿದುಕೊಂಡಿದೆ. ಹಮೀದುಲ್ಲಾಹ್ ಅವರ ತಕರಾರು ಇಲ್ಲಿಯೇ ಇತ್ತು: ತನ್ನವರಲ್ಲದವರಿಗೂ ಸಮಾನವಾಗಿ ಅನ್ವಯವಾಗದ ಕಾನೂನನ್ನು ಅಂತಾರಾಷ್ಟ್ರೀಯವೆಂದು ಕರೆಯುವುದು ಹೇಗೆ?

ಈ ವಾದವನ್ನು ನಮ್ಮ ವೇದಿಕೆಗಳಲ್ಲಿ ಬಹಳ ಉತ್ಸಾಹದಿಂದ ಉದ್ಧರಿಸಲಾಗುತ್ತದೆ. ಗ್ರೋಷಿಯಸ್‌ಗಿಂತ ಎಂಟು ಶತಮಾನ ಮೊದಲೇ ನಮ್ಮಲ್ಲಿತ್ತು ಎಂದು ಹೇಳಿ ಚಪ್ಪಾಳೆ ಗಿಟ್ಟಿಸಿ ಕುಳಿತುಬಿಡುತ್ತೇವೆ. ಶೈಬಾನಿಯವರ ಶಿಷ್ಯರೆನಿಸಿಕೊಳ್ಳಬೇಕಾದರೆ ಅಷ್ಟು ಸಾಲದು. ಪ್ರಾಚೀನ ಸಿಯರ್ ಗ್ರಂಥಗಳು ಜಗತ್ತನ್ನು ದಾರುಲ್ ಇಸ್ಲಾಮ್, ದಾರುಲ್ ಹರ್ಬ್ ಎಂದು ವಿಭಜಿಸಿದವು; ಇಮಾಮ್ ಶಾಫಿಈ(ರ) ಅವರಂತಹ ಹಿರಿಯರು ಕದನವಿರಾಮಕ್ಕೆ ಹತ್ತು ವರ್ಷಗಳ ಮಿತಿ ಹೇಳಿದರು; ಸೆರೆಯಾಳುಗಳನ್ನು ಗುಲಾಮರಾಗಿಸುವ ವಿಧಿಗಳು ಅಲ್ಲಿ ವಿಸ್ತಾರವಾಗಿಯೇ ಇವೆ. ಶೈಬಾನಿಯವರ ಸಿಯರನ್ನು 1966ರಲ್ಲಿ ಇಂಗ್ಲಿಷಿಗೆ ತಂದ ಇರಾಕ್ ಮೂಲದ ಕ್ರೈಸ್ತ ವಿದ್ವಾಂಸ ಮಜೀದ್ ಖದ್ದೂರಿ, ಪ್ರಾಚೀನ ಸಿದ್ಧಾಂತದಲ್ಲಿ ಯುದ್ಧವೇ ಸಹಜ ಸ್ಥಿತಿಯೆಂದು ಓದಿದರು. ಸಿರಿಯಾದ ಡಾ. ವಹ್‌ಬಾ ಝುಹೈಲಿ ಕೈರೋದಲ್ಲಿ ಸಲ್ಲಿಸಿದ ಮಹಾಪ್ರಬಂಧದಲ್ಲಿ ಶಾಂತಿಯೇ ಮೂಲಸ್ಥಿತಿ, ಯುದ್ಧ ಅಪವಾದ ಎಂದು ವಾದಿಸಿದರು. ಶತ್ರು ಶಾಂತಿಯತ್ತ ಒಲಿದರೆ ನೀವೂ ಒಲಿಯಿರೆಂಬ ಸೂರಃ ಅಲ್-ಅನ್‌ಫಾಲ್‌ನ 61ನೆಯ ಸೂಕ್ತವನ್ನು ಮುಂದಿಟ್ಟುಕೊಂಡು ನಾನು ಝುಹೈಲಿಯವರ ಕಡೆಗೆ ವಾಲುತ್ತೇನೆ. ಆದರೆ ವಿದ್ಯಾರ್ಥಿಯ ಮುಂದೆ ಎರಡೂ ವಾದಗಳನ್ನಿಡಬೇಕು. ಒಂದನ್ನು ಅಡಗಿಸಿಟ್ಟರೆ ನಾಳೆ ಅವನು ಅದನ್ನು ನಮ್ಮ ವಿರೋಧಿಗಳ ಬಾಯಿಂದ ಕೇಳುತ್ತಾನೆ.

ಹಮೀದುಲ್ಲಾಹ್ ಅವರ ಸ್ವಂತ ಬದುಕನ್ನು ಈ ಶಾಸ್ತ್ರ 1948ರಲ್ಲಿ ಪರೀಕ್ಷೆಗೊಡ್ಡಿತು. ಆ ವರ್ಷದ ಆಗಸ್ಟ್‌ನಲ್ಲಿ ನಿಜಾಮರ ಸರಕಾರವು ವಿಶ್ವಸಂಸ್ಥೆಯ ಭದ್ರತಾ ಮಂಡಳಿಗೆ ದೂರು ನೀಡಿತು. ಅದರ ನಿಯೋಗದಲ್ಲಿ ಅಂತಾರಾಷ್ಟ್ರೀಯ ಕಾನೂನಿನ ಈ ಅಧ್ಯಾಪಕರೂ ಇದ್ದರು. ಸೆಪ್ಟೆಂಬರ್ 13ರಂದು ಭಾರತದ ಸೇನೆ ಪ್ರವೇಶಿಸಿತು. 16ರಂದು ಪ್ಯಾರಿಸ್‌ನಲ್ಲಿ ಮಂಡಳಿಯ ಸಭೆ ಸೇರಿತು. ಮರುದಿನ ಹೈದರಾಬಾದ್ ಶರಣಾಯಿತು. ದೂರನ್ನು ಹಿಂದೆಗೆದುಕೊಳ್ಳುವುದಾಗಿ ನಿಜಾಮರು ಕೆಲವೇ ದಿನಗಳಲ್ಲಿ ತಂತಿ ಕಳುಹಿಸಿದರು. ರಾಜ್ಯವೇ ಇಲ್ಲವಾದ ಮೇಲೆ ಅದರ ಪ್ರತಿನಿಧಿ ಯಾರ ಪ್ರಜೆ?

ಈ ಅಧ್ಯಾಯವನ್ನು ನಮ್ಮಲ್ಲಿ ಎರಡು ಬಗೆಯಲ್ಲಿ ಅರ್ಧಂಬರ್ಧ ಹೇಳುವ ರೂಢಿಯಿದೆ. ಕೆಲವರು ರಝಾಕಾರರ ಹಿಂಸೆಯನ್ನು ಮಾತ್ರ ಹೇಳುತ್ತಾರೆ. ಬೀದರ್ ಸೀಮೆಯ ಗೋರ್ಟಾದಂತಹ ಹಳ್ಳಿಗಳ ಜನ ಅದನ್ನು ಮರೆತಿಲ್ಲ, ಮರೆಯಬೇಕೆಂದು ಹೇಳುವ ಹಕ್ಕು ನಮಗಿಲ್ಲ. ಇನ್ನು ಕೆಲವರು ಪೊಲೀಸ್ ಕಾರ್ಯಾಚರಣೆಯ ಅನಂತರ ಮುಸ್ಲಿಮರ ಮೇಲೆ ನಡೆದ ಹತ್ಯಾಕಾಂಡವನ್ನು ಮಾತ್ರ ಹೇಳುತ್ತಾರೆ. ಪಂಡಿತ್ ಸುಂದರ್‌ಲಾಲ್ ಸಮಿತಿಯು ಸತ್ತವರ ಸಂಖ್ಯೆಯನ್ನು 27,000ದಿಂದ 40,000ದವರೆಗೆ ಅಂದಾಜಿಸಿತ್ತು, ಹೆಚ್ಚು ಹಾನಿಗೊಂಡ ಜಿಲ್ಲೆಗಳಲ್ಲಿ ಬೀದರ್ ಮತ್ತು ಕಲಬುರಗಿಯೂ ಸೇರಿದ್ದವು. ಔಝಾಈ(ರ) ಅವರ ಪತ್ರವನ್ನು ಓದಿದ ವಿದ್ಯಾರ್ಥಿಗೆ ಎರಡೂ ಒಂದೇ ಅಪರಾಧವಾಗಿ ಕಾಣಬೇಕು: ಕೆಲವರ ಕೃತ್ಯಕ್ಕೆ, ಅದರಲ್ಲಿ ಪಾಲಿಲ್ಲದವರನ್ನು ದಂಡಿಸುವುದು.

ಹಮೀದುಲ್ಲಾಹ್ ಹಿಂದಿರುಗಲಿಲ್ಲ. ಪ್ಯಾರಿಸ್‌ನಲ್ಲಿ ನಿರಾಶ್ರಿತರಾಗಿ ಉಳಿದು, ಬೇರಾವ ದೇಶದ ಪೌರತ್ವವನ್ನೂ ಸ್ವೀಕರಿಸದೆ, ಸಂಶೋಧನೆಯಲ್ಲಿಯೇ ದಶಕಗಳನ್ನು ಕಳೆದರು. 1951ರ ನಿರಾಶ್ರಿತರ ಒಪ್ಪಂದ ಅವರ ಪಾಲಿಗೆ ಪಠ್ಯಪುಸ್ತಕದ ವಿಷಯವಾಗಿರಲಿಲ್ಲ. ಅವರ ಪ್ರಯಾಣಪತ್ರವೇ ನಿರಾಶ್ರಿತರದ್ದಾಗಿತ್ತು. ಅದನ್ನು ಹಿಡಿದೇ ಅವರು ತುರ್ಕಿಯ ವಿಶ್ವವಿದ್ಯಾನಿಲಯಗಳಿಗೆ ಹೋಗಿ ಪಾಠ ಹೇಳಿದರು. ಕುರ್‌ಆನನ್ನು ಫ್ರೆಂಚಿಗೆ ಅನುವಾದಿಸಿದರು. ಸರಖ್ಸಿಯವರ(ರ) ಸಿಯರ್ ಭಾಷ್ಯವನ್ನೂ ಅದೇ ಭಾಷೆಗೆ ತಂದರು. 1980ರ ಮಾರ್ಚ್‌ನಲ್ಲಿ ಪಾಕಿಸ್ತಾನದ ಬಹಾವಲ್‌ಪುರದ ಇಸ್ಲಾಮಿಯಾ ವಿಶ್ವವಿದ್ಯಾನಿಲಯದಲ್ಲಿ ನೀಡಿದ ಹನ್ನೆರಡು ಉಪನ್ಯಾಸಗಳಲ್ಲಿ ಒಂದು ಅಂತಾರಾಷ್ಟ್ರೀಯ ಕಾನೂನಿನ ಕುರಿತಾಗಿದೆ. ಉಪನ್ಯಾಸಗಳ ಕೊನೆಯಲ್ಲಿ ಸಭಿಕರ ಪ್ರಶ್ನೆಗಳೂ ಉತ್ತರಗಳೂ ಅಚ್ಚಾಗಿವೆ. ‘ಖುತ್ಬಾತೆ ಬಹಾವಲ್‌ಪುರ್’ ಓದುವವರು ಅವನ್ನು ಬಿಟ್ಟು ಮುಂದಕ್ಕೆ ಹೋಗಬಾರದು.

ಇಂದು ಹನಫಿ ಮದರಸಗಳಲ್ಲಿ ಓದಿಸುವ ‘ಹಿದಾಯ’ದಲ್ಲಿ ಕಳವಿನ ದಂಡನೆಯ ಅಧ್ಯಾಯ ಮುಗಿದೊಡನೆ ಸಿಯರ್ ಅಧ್ಯಾಯವಿದೆ. ವರ್ಷದ ಪಾಠ ಮುಗಿಸುವ ಅವಸರದಲ್ಲಿ ಅದನ್ನು ದಾಟಿಕೊಂಡು ಹೋಗುವುದೇ ಹೆಚ್ಚು. ಅತ್ತ ನಮ್ಮ ಕಾನೂನು ಕಾಲೇಜುಗಳಲ್ಲಿ ಅಂತಾರಾಷ್ಟ್ರೀಯ ಕಾನೂನು ಕಡ್ಡಾಯ ವಿಷಯ, ಆದರೆ ಅಲ್ಲಿಯ ಇತಿಹಾಸ ಸಾಮಾನ್ಯವಾಗಿ ಗ್ರೋಷಿಯಸ್‌ನಿಂದ ಆರಂಭವಾಗುತ್ತದೆ. ಒಂದು ವಿಷಯದಲ್ಲಿ ಮಾತ್ರ ಆ ಕಾಲೇಜುಗಳಿಂದ ನಾವು ಕಲಿಯಬೇಕು. ಜೆಸ್ಸಪ್ ಎಂಬ ಹೆಸರಿನ ಅಂತಾರಾಷ್ಟ್ರೀಯ ಅಣಕು ನ್ಯಾಯಾಲಯ ಸ್ಪರ್ಧೆಯಲ್ಲಿ ಭಾಗವಹಿಸುವ ಪ್ರತಿಯೊಂದು ತಂಡವೂ ಒಂದೇ ವ್ಯಾಜ್ಯದಲ್ಲಿ ವಾದಿಯ ಪರವಾಗಿಯೂ ಪ್ರತಿವಾದಿಯ ಪರವಾಗಿಯೂ ವಾದಿಸಲು ಸಿದ್ಧವಾಗಿರಬೇಕು. ಎದುರಾಳಿಯ ಮಾತನ್ನು ಸ್ವಂತ ಬಾಯಿಯಿಂದ ಪ್ರಾಮಾಣಿಕವಾಗಿ ಹೇಳಬೇಕಾಗಿ ಬಂದಾಗ ಹುಡುಗರ ಸ್ವರವೇ ಬದಲಾಗುತ್ತದೆ.

ಇಂತಹ ಅಭ್ಯಾಸಕ್ಕೆ ಮದರಸದ ವಿದ್ಯಾರ್ಥಿಗಳನ್ನೂ ಕಾನೂನು ವಿದ್ಯಾರ್ಥಿಗಳನ್ನೂ ಒಟ್ಟಿಗೆ ಕೂರಿಸುವುದಾದರೆ ಅಬೂ ಜಂದಲ್(ರ) ಅವರ ಪ್ರಕರಣವನ್ನು ಕೊಡಬಹುದು. ಕ್ರಿ.ಶ. 628ರಲ್ಲಿ ಹುದೈಬಿಯಾದಲ್ಲಿ ಹತ್ತು ವರ್ಷಗಳ ಸಂಧಿಯ ಮಾತುಕತೆ ನಡೆದಿದೆ. ಮಕ್ಕಾದಿಂದ ಓಡಿಬಂದವರನ್ನು ಹಿಂದಿರುಗಿಸಬೇಕೆಂಬುದು ಷರತ್ತು. ಪತ್ರ ಇನ್ನೂ ಪೂರ್ತಿಯಾಗಿಲ್ಲ. ಕುರೈಶರ ಪ್ರತಿನಿಧಿ ಸುಹೈಲ್‌ರ ಸ್ವಂತ ಮಗ ಅಬೂ ಜಂದಲ್ ಸಂಕೋಲೆಗಳನ್ನು ಎಳೆದುಕೊಂಡು ಮುಸ್ಲಿಮರ ನಡುವೆ ಬಂದು ಬಿದ್ದು ಆಶ್ರಯ ಬೇಡುತ್ತಾರೆ. ಪ್ರವಾದಿವರ್ಯರು(ಸ) ಅವರೊಬ್ಬರನ್ನಾದರೂ ಬಿಟ್ಟುಕೊಡುವಂತೆ ಕೇಳಿದರೂ ಸುಹೈಲ್ ಒಪ್ಪುವುದಿಲ್ಲ. ಸಹಾಬಿಗಳ ಕಣ್ಣೆದುರೇ ಅವರನ್ನು ಹಿಂದಕ್ಕೆ ಕಳುಹಿಸಲಾಗುತ್ತದೆ. ಕಿರುಕುಳದ ಭಯವಿರುವ ನಾಡಿಗೆ ನಿರಾಶ್ರಿತನನ್ನು ದೂಡಬಾರದೆಂದು 1951ರ ಒಪ್ಪಂದದ 33ನೆಯ ವಿಧಿ ಹೇಳುತ್ತದೆ. ಕೊಟ್ಟ ಮಾತು ದೊಡ್ಡದೋ, ಆಶ್ರಯ ಬೇಡಿದವನ ಜೀವ ದೊಡ್ಡದೋ? ಚೀಟಿ ಎತ್ತಿ ಪಕ್ಷಗಳನ್ನು ಹಂಚಿದರೆ, ಸುಹೈಲ್‌ರ ಪರವಾಗಿ ವಾದಿಸುವ ಸರದಿ ಮದರಸದ ಹುಡುಗನಿಗೂ ಬರಬಹುದು. ವಾದ ಮುಗಿದ ಬಳಿಕ ಮುಂದಿನ ಕಥೆಯನ್ನು ಅವರಿಗೆ ಓದಿ ಹೇಳಬೇಕು: ಸ್ತ್ರೀಯರು ಓಡಿಬಂದಾಗ ಸೂರಃ ಅಲ್-ಮುಮ್‌ತಹಿನದ 10ನೆಯ ಸೂಕ್ತದಂತೆ ಅವರನ್ನು ಹಿಂದಿರುಗಿಸಲಿಲ್ಲ, ಅಬೂ ಬಸೀರ್(ರ) ತಪ್ಪಿಸಿಕೊಂಡು ಕೊನೆಗೆ ಕಡಲತೀರದಲ್ಲಿ ನೆಲೆಸಿದರು, ಅಬೂ ಜಂದಲ್(ರ) ಕೂಡ ಅಲ್ಲಿಗೇ ಬಂದು ಸೇರಿದರು. ಕುರೈಶರ ವ್ಯಾಪಾರದ ದಾರಿಗೆ ಅವರಿಂದ ತೊಂದರೆ ಹೆಚ್ಚಿದಾಗ, ಆ ಷರತ್ತನ್ನು ಕೈಬಿಟ್ಟು ಅವರನ್ನೆಲ್ಲ ಮದೀನಾಕ್ಕೆ ಕರೆಸಿಕೊಳ್ಳುವಂತೆ ಪ್ರವಾದಿವರ್ಯರನ್ನು(ಸ) ಕೇಳಿಕೊಂಡವರು ಕುರೈಶರೇ.